ಮೂರು ಮನೆಯ ಹೆಪ್ಪು

2046ರ ಫೆಬ್ರುವರಿ 12, ಸೋಮವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಬೆಳಗಾವಿಯ ಉಷ್ಣಮಾಪನ ಕೇಂದ್ರದ ನೆಲಮಾಳಿಗೆಯಲ್ಲಿ ತಾಮ್ರದ ಗುಂಡೊಂದು ಹಾಡುತ್ತಿತ್ತು.

ಹಾಡು ಎಂದರೆ ಯಾರ ಕಿವಿಗೂ ಬೀಳುವಂಥದಲ್ಲ. ತೆಂಗಿನಕಾಯಿಯಷ್ಟು ದೊಡ್ಡದಾದ ಆ ಪೊಳ್ಳು ಗುಂಡಿನೊಳಗೆ ಆರ್ಗಾನ್ ಅನಿಲ ತುಂಬಿತ್ತು. ಗುಂಡಿನ ಒಂದು ಬದಿಗೆ ಸಾಸಿವೆ ಕಾಳಿನಷ್ಟು ಸ್ಪೀಕರು, ಇನ್ನೊಂದು ಬದಿಗೆ ಅಷ್ಟೇ ಗಾತ್ರದ ಮೈಕು. ಅನಿಲ ಬೆಚ್ಚಗಾದರೆ ಅದರೊಳಗೆ ಸದ್ದು ಬೇಗ ಓಡುತ್ತದೆ, ತಣ್ಣಗಾದರೆ ನಿಧಾನ. ಸದ್ದಿನ ಓಟವನ್ನು ಅಳೆದರೆ ಸಾಕು, ತಾಪಮಾನ ತಾನಾಗಿ ತಿಳಿಯುತ್ತದೆ. ಬೇರೆ ಯಾವ ಥರ್ಮಾಮೀಟರಿನ ಸಾಕ್ಷಿಯೂ ಬೇಕಾಗಿಲ್ಲ. ಗುಂಡಿನ ಮಗ್ಗುಲಲ್ಲೇ, ಎರಡನ್ನೂ ಸುತ್ತಿದ್ದ ತಾಮ್ರದ ದಿಮ್ಮಿಯೊಳಗೆ, ಒಂದು ಬಟ್ಟಲು ಗ್ಯಾಲಿಯಂ ಲೋಹ ನಿಧಾನವಾಗಿ ಕರಗುತ್ತಿತ್ತು. ಶುದ್ಧ ಲೋಹ ಕರಗಿ ಮುಗಿಯುವವರೆಗೆ ಅದರ ತಾಪಮಾನ ಅಲ್ಲಾಡುವುದಿಲ್ಲ. ಅಲ್ಲಾಡದ ಆ ತಾಪಮಾನ ಎಷ್ಟು ಎಂದು ಗುಂಡು ಹೇಳಬೇಕು.

ಪಕ್ಕದ ನಿಯಂತ್ರಣ ಕೋಣೆಯಲ್ಲಿ ರತ್ನಪ್ರಭಾ ಚೌಗಲಾ ಪರದೆಯ ಮುಂದೆ ಕೂತಿದ್ದಳು. ಅವಳಿಗೆ ನಲವತ್ತನಾಲ್ಕು ವರ್ಷ. ಅದರಲ್ಲಿ ಒಂಬತ್ತು ವರ್ಷ ಈ ಗುಂಡಿಗೇ ಹೋಗಿತ್ತು. ಅವಳ ಹಿಂದೆ ಕುರ್ಚಿಯ ತುದಿಯಲ್ಲಿ ದಸ್ತಗೀರಸಾಬ ನದಾಫ್ ಕೂತಿದ್ದರು. ಕೇಂದ್ರದ ಹಿರಿಯ ತಂತ್ರಜ್ಞ. ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ.

"ಎಷ್ಟ ಬಂತ್ರಿ ಬಾಯಾರ?"

"ಇಪ್ಪತ್ತೊಂಬತ್ತು ಬಿಂದು ಏಳು ಆರು ಎಂಟು ಒಂಬತ್ತು ಎರಡು."

"ಮತ್ತ ಅದ," ಎಂದರು ನದಾಫ್, ಮಗಳ ಪರೀಕ್ಷೆಯ ಫಲಿತಾಂಶ ಕೇಳಿದವರಂತೆ. "ನಿನ್ನೀದೂ ಅದ, ಮೊನ್ನೀದೂ ಅದ. ಈ ಗುಂಡು ನಮ್ಮ ಹುಡುಗಿ, ಮಾತ ಬದಲಿಸಂಗಿಲ್ಲ." ತೊಡೆಯ ಮೇಲಿದ್ದ ದಪ್ಪ ದಾಖಲೆ ಪುಸ್ತಕ ತೆರೆದು ಅಂಕಿಯನ್ನು ಬರೆದುಕೊಂಡರು. ಅವರು ಕನ್ನಡ ಅಂಕಿಗಳಲ್ಲೇ ಬರೆಯುತ್ತಿದ್ದರು. ದೆಹಲಿಯಿಂದ ಬಂದ ತಪಾಸಣಾ ತಂಡ ಎರಡು ಸಲ ಆಕ್ಷೇಪ ಎತ್ತಿತ್ತು. ಎರಡು ಸಲವೂ ನದಾಫ್, "ಓದಾಕ ಬರದಿದ್ರ ನನ್ನ ಕರೀರಿ, ನಾ ಓದತೀನಿ" ಎಂದು ಉತ್ತರ ಕೊಟ್ಟಿದ್ದರು.

ಈ ಒಂದು ಅಂಕಿಗೆ ಯಾಕಿಷ್ಟು ಪರದಾಟ ಎಂದರೆ, ಆ ವರ್ಷ ಜಗತ್ತು ತನ್ನ ಡಿಗ್ರಿಯನ್ನೇ ಹೊಸದಾಗಿ ಕಟ್ಟುತ್ತಿತ್ತು. ಒಂದು ಕಾಲಕ್ಕೆ ತಾಪಮಾನದ ಏಕಮಾನವಾದ ಕೆಲ್ವಿನ್ ಅನ್ನು ನೀರಿನಿಂದ ಅಳೆಯುತ್ತಿದ್ದರು. ಮಂಜುಗಡ್ಡೆ, ನೀರು, ಆವಿ ಮೂರೂ ಒಂದೇ ಗಾಜಿನ ಕುಪ್ಪಿಯಲ್ಲಿ ಜಗಳವಿಲ್ಲದೆ ಕೂತಿರುವ ಬಿಂದುವೊಂದಿದೆ, ಅದೇ ಆಧಾರ. 2019ರಲ್ಲಿ ನೀರನ್ನು ಕೈಬಿಟ್ಟು, ಬೋಲ್ಟ್ಸ್‌ಮನ್ ಸ್ಥಿರಾಂಕ ಎಂಬ ಪ್ರಕೃತಿಯ ಸಂಖ್ಯೆಯೊಂದಕ್ಕೆ ಏಕಮಾನವನ್ನು ಗಂಟು ಹಾಕಿದರು. ಹೆಸರಿಗೆ ಎಲ್ಲ ಹೊಸದಾಯಿತು. ಆಸ್ಪತ್ರೆ, ಡೈರಿ, ಹಡಗುಗಳ ಥರ್ಮಾಮೀಟರುಗಳನ್ನು ಹೊಂದಿಸುವ ಕೆಲಸ ಮಾತ್ರ 1990ರಲ್ಲಿ ಒಪ್ಪಿಕೊಂಡಿದ್ದ ಹಳೆಯ ಮೆಟ್ಟಿಲುಗಳ ಮೇಲೆಯೇ ನಡೆಯುತ್ತಿತ್ತು. ಒಂದೊಂದು ಮೆಟ್ಟಿಲೂ ಒಂದು ಶುದ್ಧ ವಸ್ತು ಕರಗುವ ಇಲ್ಲವೆ ಹೆಪ್ಪುಗಟ್ಟುವ ಬಿಂದು. ಮನುಷ್ಯನ ಮೈಗೂ ಬೇಸಿಗೆಯ ಗಾಳಿಗೂ ಅರಬ್ಬಿ ಸಮುದ್ರದ ಬೆಚ್ಚನೆಯ ಮೇಲ್ಪದರಕ್ಕೂ ಹತ್ತಿರದ ಮೆಟ್ಟಿಲು ಗ್ಯಾಲಿಯಂ. ಹಳೆಯ ಪಟ್ಟಿಯಲ್ಲಿ ಅದರ ಅಂಕಿ 29.7646. ನಿಜ ಅದಕ್ಕಿಂತ ಒಂದು ಡಿಗ್ರಿಯ ಸಾವಿರದಲ್ಲಿ ನಾಲ್ಕು ಭಾಗದಷ್ಟು ಮೇಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಸರಿಯಾಗಿ ಎಷ್ಟು ಎಂಬುದಷ್ಟೇ ಬಾಕಿ. ಕಡಲಿನ ಬಿಸಿಯ ಏರಿಕೆಯನ್ನೇ ಡಿಗ್ರಿಯ ನೂರನೇ ಭಾಗಗಳಲ್ಲಿ ಎಣಿಸಿ, ಕಾರವಾರದಿಂದ ಮಂಗಳೂರಿನವರೆಗೆ ಯಾವ ಊರನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮೇಲಕ್ಕೆ ಸರಿಸಬೇಕು ಎಂದು ನಿರ್ಧರಿಸುವ ಕಾಲ ಅದು. ಮೆಟ್ಟಿಲೇ ಸೊಟ್ಟಗಿದ್ದರೆ ನಡೆಯುವವರು ಏನು ಮಾಡಬೇಕು?

ನಾಲ್ಕು ದೇಶಗಳ ಪ್ರಯೋಗಾಲಯಗಳಿಗೆ ಗ್ಯಾಲಿಯಂನ ಕೆಲಸ ಹಂಚಿದ್ದರು. ಬೆಳಗಾವಿ ಅದರಲ್ಲಿ ಕೊನೆಯದು, ಎಲ್ಲರಿಗಿಂತ ಚಿಕ್ಕದು. ಉಳಿದ ಮೂವರ ಫಲಿತಾಂಶ ಅಂದೇ ಮಧ್ಯಾಹ್ನ ಬಂತು: 29.76847, 29.76851, 29.76849.

ಮೂರೂ ಒಂದರ ಕೈ ಒಂದು ಹಿಡಿದು ನಿಂತಿದ್ದವು. ಬೆಳಗಾವಿಯ ಅಂಕಿಯೊಂದೇ, ಡಿಗ್ರಿಯ ಹತ್ತು ಸಾವಿರದಲ್ಲಿ ನಾಲ್ಕು ಭಾಗ ಮೇಲೆ, ಪಂಕ್ತಿಯಿಂದ ಎದ್ದು ಹೋದವರ ಹಾಗೆ.

ನಿರ್ದೇಶಕ ಅನಂತಶಯನ ಅವರು ಮೈಸೂರಿನವರು. ಕೆಟ್ಟ ಸುದ್ದಿಯನ್ನೂ ಕಾಫಿ ಕೊಟ್ಟೇ ಹೇಳುವ ಪೈಕಿ. ರತ್ನಪ್ರಭಾಳ ಮುಂದೆ ಲೋಟ ಇಟ್ಟು ಕನ್ನಡಕ ಒರೆಸಿಕೊಂಡರು.

"ನೋಡಿ ರತ್ನಪ್ರಭಾ, ಮೂರು ದೇಶ, ಮೂರು ಲ್ಯಾಬು, ಮೂರೂ ಒಂದೇ ಮಾತು ಹೇಳ್ತಿವೆ. ಸಮಿತಿಯ ಸಂಚಾಲಕಿ ಮಾರ್ತಾ ಲಿಂಡ್ ತುಂಬಾ ಮರ್ಯಾದೆಯಿಂದ ಬರೆದಿದ್ದಾರೆ. ಇಪ್ಪತ್ತೆಂಟನೇ ತಾರೀಕು ಸಂಜೆ ಐದು ಗಂಟೆಯೊಳಗೆ ನಾವು ನಮ್ಮ ಅಂಕಿ ಹಿಂತೆಗೆದುಕೊಂಡರೆ, ಕಾರಣ ಕೇಳಲ್ಲವಂತೆ."

"ತೆಗೆದುಕೊಳ್ಳದಿದ್ದರೆ?"

"ಕಾರಣ ತಿಳಿಯದ ದೋಷ ಅಂತ ವರದಿಯಲ್ಲಿ ಬರೆದು ಅವರೇ ತೆಗೆದುಹಾಕ್ತಾರೆ. ಆಮೇಲೆ ನಮ್ಮ ಗುಂಡನ್ನ ಯಾರೂ ನಂಬಲ್ಲ. ನಿಮ್ಮನ್ನೂ."

"ಸರ್, ಗುಂಡನ್ನ ಮೂರು ಸಲ ಬಿಚ್ಚಿ ಜೋಡಿಸಿದ್ದೀನಿ."

"ಹಾಗಾದರೆ ನಿಮ್ಮ ಗ್ಯಾಲಿಯಂ ಇರಬೇಕು. ಅದು ಅಲ್ಯೂಮಿನಿಯಂ ಕಾರ್ಖಾನೆಯ ದ್ರಾವಣದಿಂದ ತೆಗೆದಿದ್ದು ಅಂತ ಅವರಿಗೂ ಗೊತ್ತು."

"ಕಲಬೆರಕೆ ಇದ್ದರೆ ಲೋಹ ಬೇಗ ಕರಗುತ್ತೆ ಸರ್. ಮಂಜುಗಡ್ಡೆಗೆ ಉಪ್ಪು ಹಾಕಿದ ಹಾಗೆ. ಅಂಕಿ ಕೆಳಗೆ ಇಳೀಬೇಕಿತ್ತು. ನಮ್ಮದು ಮೇಲಿದೆ."

ಅನಂತಶಯನ ಕನ್ನಡಕ ಮತ್ತೆ ಹಾಕಿಕೊಂಡರು. "ಹಾಗಾದರೆ ಗುಂಡೇ. ಅವರ ಮೂವರ ಲೋಹವೂ ಕೊಳಕಾಗಿದ್ದು, ಮೂರೂ ಸರಿಸಮ ಕೊಳಕಾಗಿರೋದು ಸಾಧ್ಯವೇ? ಬೇರೆ ಬೇರೆ ಅಂಗಡಿಯ ಸರಕು ಅದು."

ರತ್ನಪ್ರಭಾ ತಾನೂ ಅದನ್ನೇ ಕೇಳಿಕೊಂಡು ಸೋತಿದ್ದಳು.

ಬೆಳಗಾವಿಯ ಗ್ಯಾಲಿಯಂಗೆ ಒಂದು ಕಥೆಯಿತ್ತು. ಐದು ವರ್ಷದ ಹಿಂದೆ ಹೊರದೇಶದ ಶುದ್ಧ ಗ್ಯಾಲಿಯಂ ತರಿಸಲು ಬರೆದ ಕಡತ ಹನ್ನೊಂದು ತಿಂಗಳು ಮೇಜಿನಿಂದ ಮೇಜಿಗೆ ತಿರುಗಿ, ಕೊನೆಗೆ "ಗ್ಯಾಲಿಯಂ ಎಂದರೇನು, ಸ್ಪಷ್ಟಪಡಿಸಿ" ಎಂಬ ಟಿಪ್ಪಣಿ ಹೊತ್ತು ವಾಪಸು ಬಂದಿತ್ತು. ಆಗ ನದಾಫ್, "ಬಾಯಾರ, ಅಲ್ಯೂಮಿನಿಯಂ ಮಾಡೂ ಊರಾಗ ಕುಂತು ಗ್ಯಾಲಿಯಂ ಕೇಳಾಕ ಎಲ್ಲಿಗ್ಯೋ ಹೊಂಟೇವಲ್ರಿ" ಎಂದಿದ್ದರು. ಬಾಕ್ಸೈಟ್ ಅದಿರಿನಲ್ಲಿ ಅಲ್ಯೂಮಿನಿಯಂ ಜೊತೆಗೆ ಗ್ಯಾಲಿಯಂ ಚೂರುಪಾರು ಇದ್ದೇ ಇರುತ್ತದೆ. ಕಾರ್ಖಾನೆಯೊಂದರಿಂದ ಮೂರು ಡ್ರಮ್ ದ್ರಾವಣ ತಂದು, ಅದರಿಂದ ಬೂದು ಬಣ್ಣದ ಒಂದು ಹಿಡಿ ಲೋಹ ತೆಗೆದು, ಅವರೇ ಶುದ್ಧ ಮಾಡಲು ಕೂತರು.

ಗ್ಯಾಲಿಯಂ ವಿಚಿತ್ರ ಲೋಹ. ಅಂಗೈಯಲ್ಲಿ ಇಟ್ಟುಕೊಂಡರೆ ಕರಗುತ್ತದೆ. ಒಮ್ಮೆ ಕರಗಿದ ಮೇಲೆ ಮಾತ್ರ ಸುಮ್ಮನೆ ತಣ್ಣಗೆ ಮಾಡಿದರೆ ಗಟ್ಟಿಯಾಗಲು ಸುಲಭವಾಗಿ ಒಪ್ಪುವುದಿಲ್ಲ. ಗಟ್ಟಿ ಗ್ಯಾಲಿಯಂನದೇ ಒಂದು ಚೂರನ್ನು ಅದಕ್ಕೆ ಮುಟ್ಟಿಸಬೇಕು. ಆ ಚೂರಿಗೆ ನದಾಫ್ ಮೊದಲ ದಿನವೇ ಹೆಪ್ಪು ಎಂದು ಹೆಸರಿಟ್ಟರು. ಹಾಲಿಗೆ ಹಾಕುವ ಹೆಪ್ಪಿನ ಹಾಗೆಯೇ. ಹೆಪ್ಪು ಹಾಕಿ, ಅಡಿಯಿಂದ ಮೇಲಕ್ಕೆ ಎರಡು ಮೂರು ದಿನ ಮೆಲ್ಲಗೆ ಗಟ್ಟಿಯಾಗಲು ಬಿಟ್ಟರೆ, ಹರಳು ತನ್ನದಲ್ಲದ್ದನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಕೊಳೆಯೆಲ್ಲ ಕೊನೆಗೆ ಉಳಿಯುವ ದ್ರವದಲ್ಲಿ ನಿಲ್ಲುತ್ತದೆ. ನೂರನೇ ಒಂದು ಭಾಗ ದ್ರವ ಉಳಿದಾಗ ಅದನ್ನು ಚೆಲ್ಲಬೇಕು. ಮತ್ತೆ ಕರಗಿಸಬೇಕು, ಮತ್ತೆ ಹೆಪ್ಪು. ನಾಲ್ಕು ವರ್ಷದಲ್ಲಿ ನದಾಫ್ ಇದನ್ನು ಅರವತ್ಮೂರು ಸಲ ಮಾಡಿದ್ದರು. "ನದಾಫ್ ಅಂದ್ರನ ಹತ್ತಿ ಹಿಂಜಾಂವ. ನಮ್ಮಪ್ಪ ಹತ್ತಿ ಹಿಂಜತಿದ್ದ, ನಾ ಲೋಹ ಹಿಂಜತೀನಿ" ಎನ್ನುತ್ತಿದ್ದರು. ಅಂಕಿ ಹಿಂತೆಗೆದುಕೊಂಡರೆ ಆ ಅರವತ್ಮೂರು ಸಲವೂ ಗುಂಡಿನ ಒಂಬತ್ತು ವರ್ಷವೂ ಒಂದೇ ಸಹಿಯಲ್ಲಿ ಉಗ್ರಾಣ ಸೇರುತ್ತಿದ್ದವು.

ಮುಂದಿನ ಐದು ದಿನ ರತ್ನಪ್ರಭಾ ತನ್ನ ತಪ್ಪನ್ನೇ ಹುಡುಕಿದಳು. ಅನಿಲ ಬದಲಿಸಿದಳು, ಮೈಕು ಬದಲಿಸಿದಳು, ನೀರಿನ ಹಳೆಯ ಕುಪ್ಪಿಯನ್ನು ಪಕ್ಕದಲ್ಲಿಟ್ಟು ಗುಂಡಿನ ಬಾಯಿಂದ ಅದರ ತಾಪಮಾನ ಕೇಳಿದಳು. ನೀರಿನ ವಿಷಯದಲ್ಲಿ ಗುಂಡು ಜಗತ್ತೆಲ್ಲ ಹೇಳುವುದನ್ನೇ ಹೇಳಿತು. ಗ್ಯಾಲಿಯಂ ಬಂದಾಗ ಮಾತ್ರ ಮತ್ತೆ 29.76892.

"ಅಂಕಿ ಹಿಂದಕ್ಕ ತಗೊಳ್ಳಾಕ ಸಹಿ ಮಾಡತೀರೇನ್ರಿ?" ಎಂದು ಶನಿವಾರ ನದಾಫ್ ಕೇಳಿದರು. ಕೇಳಿ, ಅವಳ ಮುಖ ನೋಡದೆ ಕೈ ಒರೆಸಿಕೊಂಡರು.

"ಗೊತ್ತಿಲ್ಲ ಕಾಕಾ."

"ಮಾಡೂದಿದ್ರ ನಾ ಹ್ವಾದ ಮ್ಯಾಲ ಮಾಡ್ರಿ. ಇಪ್ಪತ್ತೆಂಟಕ್ಕ 'ಸಂಜೀ ಐದು' ಅಂತ ಇಟ್ಟಾರಲ್ಲ, ನಾಕೂವರಿಗೆ ನಾ ಗೇಟ್ ದಾಟತೀನಿ."

ಭಾನುವಾರ ಬೆಳಿಗ್ಗೆ ಬೆಳಗಾವಿಯ ಶಹಾಪುರ ಭಾಗದ ಮನೆಯಲ್ಲಿ ರತ್ನಪ್ರಭಾಳ ಅತ್ತೆ ಪದ್ಮಾವತಿ ಮಾಳಿಗೆಯ ಮೇಲಿನ ಮೆಣಸಿನಕಾಯಿ ಒಳಗೆ ತರುತ್ತಿದ್ದರು. ಆಗ ಊರಲ್ಲಿ ಸೆಕೆಯ ಸೈರನ್ ಎಂಬುದು ಬಂದು ಆರೇಳು ವರ್ಷವಾಗಿತ್ತು. ಬಿಸಿಯೂ ಗಾಳಿಯ ತೇವವೂ ಸೇರಿ ಮಿತಿ ದಾಟಿದರೆ ಸೈರನ್ ಕೂಗುತ್ತಿತ್ತು. ಕೂಗಿದ ಮೇಲೆ ಹೊರಗಿನ ಕೆಲಸ ಮಾಡಿಸುವಂತಿಲ್ಲ. ಗೌಂಡಿಗಳು ಕರಣೆ ಕೆಳಗಿಡುತ್ತಿದ್ದರು, ತರಕಾರಿಯವರು ಗಾಡಿಯನ್ನು ಗುಡಿಯ ನೆರಳಿಗೆ ತಳ್ಳುತ್ತಿದ್ದರು. ಈ ವರ್ಷ ಫೆಬ್ರುವರಿಯಲ್ಲೇ ಎರಡು ಸಲ ಕೂಗಿತ್ತು.

"ನಿನ್ನ ಡಿಗ್ರಿ ಬದಲಾದ ಮ್ಯಾಲ ಸೆಕಿ ಏನರ ಕಡಿಮಿ ಆಗತೈತೇನ ರತ್ನಾ?"

"ಇಲ್ಲ ಅತ್ತಿ. ಎಷ್ಟ ಸೆಕಿ ಅನ್ನೂದು ಖರೆ ಗೊತ್ತಾಗತೈತಿ, ಅಷ್ಟ."

"ಅದು ನಮಗ ಈಗೂ ಗೊತ್ತೈತಿ," ಎಂದು ಪದ್ಮಾವತಿ ಸೆರಗಿನಿಂದ ಕತ್ತು ಒರೆಸಿಕೊಂಡರು.

ಅಷ್ಟರಲ್ಲಿ ಪಕ್ಕದ ಮನೆಯ ಸರೋಜಾಬಾಯಿ ಬಟ್ಟಲು ಹಿಡಿದು ಬಂದಳು. ಬಟ್ಟಲಲ್ಲಿ ಮೊಸರು. ಚಮಚದಿಂದ ಎತ್ತಿ ತೋರಿಸಿದಳು. ಚಮಚದ ಹಿಂದೆ ಮೊಸರು ದಾರದ ಹಾಗೆ ಎದ್ದು ಬಂತು.

"ನೋಡ ಪದ್ದಕ್ಕ, ಹೆಂಗ ನೂಲ ಬರತೈತಿ. ಬಾಯಾಗ ಇಟ್ಟರ ಲೋಳಿ ಲೋಳಿ. ನಮ್ಮನ್ಯಾಗೂ ಅದ ಹಾಡು, ಹಿರೇಮಠರ ಮನ್ಯಾಗೂ ಅದ, ಎದುರ ಮನಿ ಶಕುಂತಲಾನ ಮನ್ಯಾಗೂ ಅದ. ಮೂರೂ ಮನ್ಯಾಗ ಹಿಂಗ ಅಂದ್ರ ಹಾಲಿನಾಂವಂದ ತಪ್ಪು. ನಾಳೆ ಬರಲಿ ಅಂವಾ."

"ಅಂವಾ ನಮಗೂ ಅದ ಕ್ಯಾನಿನ ಹಾಲ ಹಾಕತಾನ. ನಮ್ಮ ಮೊಸರು ಗಟ್ಟಿ ಐತಲ್ಲ."

"ನಿಮ್ಮ ಮೊಸರು ಮೊದಲಿಂದೂ ಬ್ಯಾರೇನ ಬಿಡ. ರುಚೀನೂ ಬ್ಯಾರೆ. ನಾವು ಮೂರೂ ಮನಿಯವರು ಮಾತಾಡಕೋತಿರತೀವಿ."

ಮೊಸರು ಬೇರೆಯಾಗಲು ಕಾರಣವಿತ್ತು. ಪದ್ಮಾವತಿಯವರದು ಕಟ್ಟುನಿಟ್ಟಿನ ಜೈನರ ಮನೆತನ. ನಿನ್ನೆಯ ಮೊಸರನ್ನು ಇವತ್ತಿನ ಹಾಲಿಗೆ ಹೆಪ್ಪಾಗಿ ಹಾಕುವುದು ಅವರ ಹಿರಿಯರಿಗೆ ಸೇರುತ್ತಿರಲಿಲ್ಲ. ಪ್ರತಿದಿನ ಉಗುರುಬೆಚ್ಚಗಿನ ಹಾಲಿಗೆ ನಾಲ್ಕು ಒಣಮೆಣಸಿನಕಾಯಿ ತೊಟ್ಟು ಹಾಕಿಡುತ್ತಿದ್ದರು. ಹೊತ್ತು ಹೆಚ್ಚು ಹಿಡಿಯುತ್ತಿತ್ತು. ದಿನದಿನವೂ ಮೊಸರು ಹೊಸದಾಗಿ ಹುಟ್ಟುತ್ತಿತ್ತು.

"ಹಾಲಿನ ಮಾತು ಬಿಡ. ಹೆಪ್ಪ ಎಲ್ಲಿಂದ ತಂದಿದ್ದಿ ನೀನು?" ಎಂದು ಪದ್ಮಾವತಿ ಕೇಳಿದರು.

"ಹಿರೇಮಠರ ಮನಿಯಿಂದ. ಸಂಕ್ರಾಂತಿಗೆ ಊರಿಗೆ ಹೋಗಿ ಬಂದೆವಲ್ಲ, ನಮ್ಮದು ಕೆಟ್ಟ ಹೋಗಿತ್ತು."

"ಶಕುಂತಲಾ?"

"ಆಕಿ ನನ್ನ ಕಡೆ ಒಯ್ದಳು."

"ಹಂಗಿದ್ರ ಮೂರ ಮನಿ ಎಲ್ಲಿ ಬಂತ ಸರೋಜಾ? ಹಿರೇಮಠರ ಒಂದ ಗಡಿಗಿ ಮೊಸರು ಮೂರ ಮನ್ಯಾಗ ಕುಂತೈತಿ, ಅಷ್ಟ. ಒಂದ ಬಾಯಿ ಮೂರ ಸಲ ಮಾತಾಡಿದ್ರ ಮೂರ ಮಂದಿ ಅಂತ ತಿಳಕೊಂಡೀಯೇನ?"

ರತ್ನಪ್ರಭಾ ಮೆಣಸಿನಕಾಯಿಯ ಮೊರ ಹಿಡಿದು ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದಳು.

"ಅತ್ತಿ, ಇನ್ನೊಮ್ಮೆ ಹೇಳ್ರಿ."

"ಏನು?"

"ಅದ, ಈಗ ಹೇಳಿದ್ರಲ್ಲ."

"ಇಕಿಗೇನಾತ," ಎಂದು ಪದ್ಮಾವತಿ ಸರೋಜಾಬಾಯಿಯ ಕಡೆ ನೋಡಿದರು. ರತ್ನಪ್ರಭಾ ಮೊರ ಕೆಳಗಿಟ್ಟು ಚಪ್ಪಲಿ ಹುಡುಕುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅವಳು ಮೂರೂ ಪ್ರಯೋಗಾಲಯಗಳಿಗೆ ಬರೆದು ಎರಡೇ ಎರಡು ಕಾಗದ ಕೇಳಿದಳು: ಗ್ಯಾಲಿಯಂ ಜೊತೆ ಬಂದ ಶುದ್ಧತೆಯ ಪ್ರಮಾಣಪತ್ರ, ಮತ್ತು ಕರಗುವಾಗ ಬರೆದ ಪೂರ್ತಿ ರೇಖೆ. ಮಧ್ಯಾಹ್ನದೊಳಗೆ ಎಲ್ಲ ಬಂತು. ಮಾರಿದವರ ಹೆಸರು ಮೂರು, ಊರು ಮೂರು, ಡಬ್ಬಿಯ ಬಣ್ಣವೂ ಮೂರು. ನದಾಫ್ ಕನ್ನಡಕದ ಮೇಲಿನಿಂದ ಅಡಿಯ ಸಣ್ಣ ಅಂಕಿಗಳನ್ನು ಓದಿದರು. ತಯಾರಿಕೆಯ ಸಂಖ್ಯೆ ಮೂರರಲ್ಲೂ 417ರಿಂದ ಶುರುವಾಗುತ್ತಿತ್ತು: ಒಂದೇ ಕಾರ್ಖಾನೆ, ಒಂದೇ ಕಂತಿನ ಲೋಹ.

"ಒಂದ ಗಡಿಗಿ," ಎಂದರು ನದಾಫ್. ಅಷ್ಟು ಹೊತ್ತಿಗೆ ಅವರಿಗೆ ಮೊಸರಿನ ಕಥೆ ಎರಡು ಸಲ ಹೇಳಿಯಾಗಿತ್ತು.

ಮಂಗಳವಾರ ಮಾರ್ತಾ ಲಿಂಡ್ ಪರದೆಯ ಮೇಲೆ ಬಂದಳು. ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿದ, ಮಾತಿಗೆ ಮುಂಚೆ ಒಂದು ಉಸಿರಿನಷ್ಟು ತಡೆಯುವ ಹೆಂಗಸು. ಸಮಿತಿಯ ಸಂಚಾಲಕಿಯಷ್ಟೇ ಅಲ್ಲ, ಆ ಮೂರರಲ್ಲಿ ಒಂದು ಪ್ರಯೋಗಾಲಯ ಅವಳದೇ.

"ಒಂದೇ ಮೂಲ ಎಂದು ಒಪ್ಪುತ್ತೇನೆ," ಎಂದಳು. "ಅದು ಮೊದಲೇ ಗೊತ್ತಾಗಬೇಕಿತ್ತು. ಆದರೆ ಒಂದೇ ಮೂಲ ಎಂದರೆ ಕೊಳಕು ಎಂದು ಅರ್ಥವಲ್ಲ. ಅದು ಏಳು ಒಂಬತ್ತುಗಳ ಲೋಹ. ನೂರಕ್ಕೆ 99.99999 ಶುದ್ಧ. ಪ್ರಮಾಣಪತ್ರದಲ್ಲಿ ಅರವತ್ತೆರಡು ಲೋಹಗಳನ್ನು ಹುಡುಕಿ, ಇಲ್ಲ ಎಂದು ಬರೆದಿದ್ದಾರೆ."

"ಲೋಹಗಳನ್ನು ಹುಡುಕಿದ್ದಾರೆ. ಆಮ್ಲಜನಕದ ಹೆಸರು ಆ ಪಟ್ಟಿಯಲ್ಲಿಲ್ಲ," ಎಂದಳು ರತ್ನಪ್ರಭಾ. "ನಿಮ್ಮ ಕರಗುವ ರೇಖೆಯನ್ನು ನೋಡಿ. ಶುರುವಿನಲ್ಲಿ ಕೆಳಗಿದೆ, ಕೊನೆಗೆ ಮೆಲ್ಲಗೆ ಏರುತ್ತದೆ. ಶುದ್ಧ ಲೋಹದ ರೇಖೆ ನೆಲದ ಹಾಗೆ ಸಮತಟ್ಟಾಗಿರಬೇಕು."

"ಹೊರಗಿನ ಶಾಖ ಒಳಗೆ ಸೋರುತ್ತದೆ. ಅದರಿಂದ ಆ ಓರೆ. ನಾವು ಹಾಗೆಂದು ಬರೆದಿದ್ದೇವೆ."

"ನಾವೂ ಹಾಗೇ ಬರೆಯುತ್ತಿದ್ದೆವು, ಹದಿನೈದನೇ ಸಲದವರೆಗೆ. ಹದಿನಾರನೇ ಸಲ ಶುದ್ಧ ಮಾಡಿದಾಗ ಓರೆ ಹೋಯಿತು. ಶಾಖದ ಸೋರಿಕೆ ಹಾಗೇ ಇತ್ತು."

ಮಾರ್ತಾ ತನ್ನ ರೇಖೆಯ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಎಷ್ಟು ಕಲಬೆರಕೆ ಎನ್ನುತ್ತೀರಿ?"

"ಹತ್ತು ಲಕ್ಷ ಕಣಗಳಲ್ಲಿ ಮೂರು."

"ಮೂರು."

"ನಮ್ಮ ನಿಮ್ಮ ನಡುವಿನ ವ್ಯತ್ಯಾಸಕ್ಕೆ ಅಷ್ಟು ಸಾಕು. ಲೆಕ್ಕ ಕಳಿಸಿದ್ದೇನೆ."

ಲೋಹವನ್ನೇ ಕಳಿಸಿಕೊಟ್ಟು ನೋಡೋಣವೆಂದರೆ ದಾರಿಯಿರಲಿಲ್ಲ. ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ವಿಮಾನದವರು ಹತ್ತಿಸಿಕೊಳ್ಳಲು ಅಂಜುತ್ತಾರೆ. ಹಡಗಾದರೆ ಐದು ವಾರ. ಉಳಿದಿದ್ದದ್ದು ಎಂಟು ದಿನ. ಮಾರ್ತಾ ಕೊನೆಗೆ ಹೇಳಿದಳು: "ನಿಮ್ಮ ವಿಧಾನದಲ್ಲಿ ನಮ್ಮ ಲೋಹವನ್ನು ಇಲ್ಲಿಯೇ ಶುದ್ಧ ಮಾಡುತ್ತೇವೆ. ಉಳಿದ ಇಬ್ಬರೂ ನೋಡಿಕೊಂಡು ಮಾಡಲಿ. ಅಂಕಿ ಅಲ್ಲಾಡದಿದ್ದರೆ ಇಪ್ಪತ್ತೆಂಟಕ್ಕೆ ನೀವು ಸಹಿ ಮಾಡುತ್ತೀರಿ."

"ಮಾಡುತ್ತೇನೆ," ಎಂದಳು ರತ್ನಪ್ರಭಾ. ಹಿಂದೆ ನದಾಫರ ಕುರ್ಚಿ ಕಿರುಗುಟ್ಟಿತು.

ಹೀಗೆ ದಸ್ತಗೀರಸಾಬ ನದಾಫ್ ತಮ್ಮ ನೌಕರಿಯ ಕೊನೆಯ ವಾರ ಇಂಗ್ಲಿಷ್ ಬಾರದೆಯೇ ಮೂರು ದೇಶಗಳಿಗೆ ಮೇಷ್ಟ್ರಾದರು. ಮಾರ್ತಾಳ ಕಡೆ ಕೆಲಸ ಮಾಡುತ್ತಿದ್ದವಳು ಸಿಗ್ನೆ ಎಂಬ ನಡುವಯಸ್ಸಿನ ತಂತ್ರಜ್ಞೆ. ಉದ್ದ ಬೆರಳು, ಅವಸರದ ಕೈ. ನದಾಫ್ ಹೇಳುವುದನ್ನು ರತ್ನಪ್ರಭಾ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

ಮೊದಲ ಗಂಟೆಯಲ್ಲೇ ನದಾಫ್ ಎದ್ದು ನಿಂತರು. "ತಡೀರಿ, ತಡೀರಿ. ಆ ಬಾಯಾರು ಕೈಯಾಗ ಏನ ಹಿಡಿದಾರ ಕೇಳ್ರಿ."

ಸಿಗ್ನೆ ಕಪಾಟಿನಲ್ಲಿದ್ದ ಹಳೆಯ ಗ್ಯಾಲಿಯಂ ತುಂಡಿನಿಂದ ಒಂದು ಚೂರು ಮುರಿದುಕೊಂಡಿದ್ದಳು. ಹೆಪ್ಪಿಗಾಗಿ.

"ಅದ ಗಡಿಗೀದು ಹೆಪ್ಪು ಹಾಕಿದ್ರ ಅದ ಮೊಸರ ಬರತೈತಿ. ಬ್ಯಾಡ ಅನ್ರಿ."

"ಮತ್ತ ಹೆಂಗ ಶುರು ಮಾಡೂದು ಅಂತ ಕೇಳತಾರ ಕಾಕಾ. ಶುದ್ಧ ಚೂರು ಅವರ ಕಡೆ ಇಲ್ಲ."

ನದಾಫ್ ಗಡ್ಡ ಕೆರೆದುಕೊಂಡರು. "ನಿಮ್ಮ ಅತ್ತೀಯವರು ಮೆಣಸಿನಕಾಯಿ ತೊಟ್ಟು ಹಾಕತಾರಲ್ರಿ, ಹಂಗ. ಗಾಜಿನ ಕಡ್ಡಿ ದ್ರವ ಸಾರಜನಕದಾಗ ಅದ್ದಿ, ಆ ಥಂಡಿ ಕಡ್ಡಿ ಮುಟ್ಟಿಸಾಕ ಹೇಳ್ರಿ. ಹೆಪ್ಪು ಇಲ್ದನ ಹೆಪ್ಪುಗಟ್ಟತೈತಿ."

ಕಡ್ಡಿ ಮುಟ್ಟಿಸಿದಳು ಸಿಗ್ನೆ. ಕನ್ನಡಿಯಂತಿದ್ದ ದ್ರವದ ಮೇಲೆ ಬೂದು ಬಣ್ಣದ ಒಂದು ಗೆರೆ ಮೂಡಿ, ಕವಲೊಡೆದು, ಹರಡತೊಡಗಿತು. ಆಕೆ ಏನೋ ಅಂದಳು. ರತ್ನಪ್ರಭಾ ನಕ್ಕಳು.

"ಏನಂತರಿ?"

"ಈ ಮೊದಲನೇ ಹರಳಿಗೆ ನೀವು ಏನಂತೀರಿ ಅಂತ ಕೇಳತಾರ."

"ಹೆಪ್ಪು," ಎಂದು ನದಾಫ್ ಪರದೆಗೇ ಹೇಳಿದರು. ಆ ಕಡೆಯಿಂದ "ಹೆಪ್ಪೂ" ಎಂದು ಉತ್ತರ ಬಂತು. "ಉದ್ದ ಎಳೀಬ್ಯಾಡ್ರಿ ಬಾಯಾರ," ಎಂದರು ನದಾಫ್. ಅದನ್ನು ರತ್ನಪ್ರಭಾ ಅನುವಾದಿಸಲಿಲ್ಲ.

ಎರಡನೇ ದಿನ ಸಿಗ್ನೆ ಎಷ್ಟು ಗಟ್ಟಿಯಾಯಿತೆಂದು ನೋಡಲು ಪಾತ್ರೆ ಅಲ್ಲಾಡಿಸಿ ಬೈಸಿಕೊಂಡಳು. ಆಮೇಲೆ ಕೊನೆಯ ಚಮಚ ದ್ರವ ಚೆಲ್ಲಲು ಅವಳಿಗೆ ಮನಸ್ಸು ಬರಲಿಲ್ಲ. ನೋಡಲು ಅದು ಉಳಿದ ಲೋಹದಷ್ಟೇ ಥಳಥಳಿಸುತ್ತಿತ್ತು. "ಎಲ್ಲಾ ಅದರಾಗ ಐತಿ, ಚೆಲ್ಲಂತ ಹೇಳ್ರಿ," ಎಂದು ನದಾಫ್ ಕೈಯಿಂದಲೇ ಚೆಲ್ಲಿ ತೋರಿಸಿದರು.

ಫೆಬ್ರುವರಿ 22, ಗುರುವಾರ. ಮಾರ್ತಾಳ ಲೋಹ, ಅವಳದೇ ಗುಂಡು, ಅವಳದೇ ಕೋಣೆ. ಅಂಕಿ 29.76849ರಿಂದ 29.76871ಕ್ಕೆ ಏರಿತ್ತು.

ಮಾರ್ತಾ ಹಳೆಯ ರೇಖೆಯನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. "ಇನ್ನೊಮ್ಮೆ ಮಾಡೋಣ," ಎಂದಳು.

25, ಭಾನುವಾರ: 29.76886. ರೇಖೆಯ ಓರೆ ಬಹುಪಾಲು ಹೋಗಿತ್ತು. ಉಳಿದ ಎರಡು ಪ್ರಯೋಗಾಲಯಗಳಿಂದಲೂ ಏರಿದ ಅಂಕಿಗಳು ಬಂದವು. ಒಂದರ ಕೊನೆಯಲ್ಲಿ ಯಾರೋ "ಹೆಪ್ಪು ಎಂದರೇನು?" ಎಂದು ಪ್ರಶ್ನೆ ಬರೆದಿದ್ದರು. ಅನಂತಶಯನ ಅದನ್ನು ಓದಿ ನೆಲಮಾಳಿಗೆಗೇ ಇಳಿದು ಬಂದು, ನಿಂತುಕೊಂಡೇ ಮೂರೂ ರೇಖೆಗಳನ್ನು ನೋಡಿದರು.

"ನಾನು ನಿಮಗೆ ಸಹಿ ಮಾಡಿ ಅಂದಿದ್ದೆನಲ್ಲ," ಎಂದರು.

"ಅಂದಿರಲಿಲ್ಲ ಸರ್. ಕಾಫಿ ಕೊಟ್ಟಿರಿ."

"ಅದೇ. ಅದಕ್ಕಾಗಿ ಕ್ಷಮಿಸಿ."

28, ಬುಧವಾರ. ಬೆಳಿಗ್ಗೆಯಿಂದ ಮೇಲಿನ ಸಭಾಂಗಣದಲ್ಲಿ ಬೀಳ್ಕೊಡುಗೆಯ ಸಿದ್ಧತೆ. ಶಾಲು ಬಂದಿತ್ತು, ಹಾರ ಬಂದಿತ್ತು, ಬೆಳಗಾವಿ ಕುಂದಾದ ದೊಡ್ಡ ಡಬ್ಬಿಯೂ ಬಂದಿತ್ತು. ನಿವೃತ್ತನಾಗಬೇಕಾದ ಮನುಷ್ಯನೇ ಬಂದಿರಲಿಲ್ಲ. ನಾಲ್ಕು ಗಂಟೆಗೆ ನಿರ್ದೇಶಕರು ಶಾಲನ್ನು ತೋಳ ಮೇಲೆ ಹಾಕಿಕೊಂಡು ನೆಲಮಾಳಿಗೆಗೆ ಬಂದರು. ನದಾಫ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಗೇಟ್ ದಾಟೂ ಹೊತ್ತಾತ ಕಾಕಾ," ಎಂದಳು ರತ್ನಪ್ರಭಾ.

"ದಾಟತೀನ್ರಿ. ಕರಗೂದು ಮುಗೀಲಿ."

ಆ ಕಡೆ ಸಿಗ್ನೆಯ ಬಟ್ಟಲಲ್ಲಿ ಮೂರನೇ ಸಲ ಶುದ್ಧವಾದ ಗ್ಯಾಲಿಯಂ ಕರಗುತ್ತಿತ್ತು. ಪರದೆಯ ಮೇಲೆ ರೇಖೆ ಎಡದಿಂದ ಬಲಕ್ಕೆ ಹರಿಯುತ್ತಿತ್ತು. ಅರ್ಧ ಕರಗಿತು, ಮುಕ್ಕಾಲು ಕರಗಿತು. ರೇಖೆ ಏರಲಿಲ್ಲ, ಇಳಿಯಲಿಲ್ಲ. ಸಾರಿಸಿದ ನೆಲದ ಹಾಗೆ ಇತ್ತು. ಹೊರಗೆ ಊರಿನಲ್ಲಿ ಸೆಕೆಯ ಸೈರನ್ ಆ ವರ್ಷದ ಮೂರನೇ ಸಲ ಕೂಗಿ ನಿಂತಿತು. ಯಾರೂ ತಲೆ ಎತ್ತಲಿಲ್ಲ.

ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಮಾರ್ತಾ ಲಿಂಡ್ ಪರದೆಯ ಮುಂದೆ ಕೂತಳು. ಪಕ್ಕದ ಎರಡು ಚೌಕಗಳಲ್ಲಿ ಉಳಿದಿಬ್ಬರು ಮುಖ್ಯಸ್ಥರೂ ಇದ್ದರು.

"ಐದು ಗಂಟೆಯೊಳಗೆ ಹಿಂತೆಗೆದುಕೊಳ್ಳುವ ಪತ್ರಗಳನ್ನು ಸ್ವೀಕರಿಸಲಾಗುತ್ತದೆ ಎಂದು ನಾನು ಬರೆದಿದ್ದೆ," ಎಂದಳು. "ಮೂರು ಪತ್ರಗಳು ಬಂದಿವೆ. ಮೊದಲನೆಯದು ನನ್ನದು. ನಮ್ಮ ಹಳೆಯ ಅಂಕಿಗಳು ಹೋದವು. ಹೊಸ ಅಂಕಿಗಳು ಈಗ ನಿಮ್ಮ ಮುಂದಿವೆ. ಬೆಳಗಾವಿಯದು ಮಾತ್ರ ಮೊದಲು ಹೇಗೆ ಇತ್ತೋ ಹಾಗೇ ಇದೆ. ಡಿಗ್ರಿಯ ಹೊಸ ಪಟ್ಟಿಯಲ್ಲಿ ಗ್ಯಾಲಿಯಂನ ಸಾಲಿಗೆ ಇದನ್ನೇ ಬರೆಯಬೇಕೆಂದು ಸಮಿತಿ ಒಪ್ಪಿದೆ, ಒಂದೂ ವಿರೋಧವಿಲ್ಲದೆ." ಪಕ್ಕಕ್ಕೆ ಒಮ್ಮೆ ನೋಡಿದಳು. "ವಿಧಾನದ ಹೆಸರಿನ ಜಾಗದಲ್ಲಿ ಏನು ಬರೆಯಬೇಕು ಎಂದು ಸಿಗ್ನೆ ಕೇಳುತ್ತಿದ್ದಾಳೆ. ನದಾಫ್ ವಿಧಾನ ಎಂದು ಬರೆಯಬಹುದೇ?"

ರತ್ನಪ್ರಭಾ ತಿರುಗಿ ನೋಡಿದಳು. ಮಾತು ತಿಳಿಯದಿದ್ದರೂ ತಮ್ಮ ಹೆಸರು ನದಾಫರ ಕಿವಿಗೆ ಬಿದ್ದಿತ್ತು.

"ಏನಂತರಿ ಬಾಯಾರ?"

ಅವಳು ಹೇಳಿದಳು.

ನದಾಫ್ ತಮ್ಮ ಅಂಗೈ ನೋಡಿಕೊಂಡರು. ನಾಲ್ಕು ವರ್ಷದ ಗ್ಯಾಲಿಯಂ ಆ ಅಂಗೈಯ ಗೆರೆಗಳಲ್ಲಿ ಬೂದು ಬಣ್ಣ ಬಿಟ್ಟಿತ್ತು. "ನಮ್ಮಪ್ಪನ ಹೆಸರೂ ಅದ," ಎಂದರು. "ಬರೀಲಿ."

ಅನಂತಶಯನ ಅಲ್ಲಿಯೇ, ನೆಲಮಾಳಿಗೆಯಲ್ಲೇ, ಶಾಲು ಹೊದಿಸಿದರು. ಸಿಗ್ನೆ ಆ ಕಡೆಯಿಂದ ಚಪ್ಪಾಳೆ ತಟ್ಟಿದಳು. ಅವಳ ಹಿಂದೆ ಇನ್ನೂ ಯಾರು ಯಾರೋ ತಟ್ಟಿದರು. ಮೇಲಿನಿಂದ ಕುಂದಾದ ಡಬ್ಬಿ ಕೆಳಗೆ ಬಂತು. ರತ್ನಪ್ರಭಾ ಮನೆಗೆ ಫೋನು ಮಾಡಿದಾಗ ಪದ್ಮಾವತಿ ಎಲ್ಲ ಕೇಳಿಸಿಕೊಂಡು, "ಅಂದ್ರ ನಮ್ಮ ಮೊಸರು ಸರಿ ಇತ್ತು ಅಂತಾತು," ಎಂದರು. ಆ ವಾರ ಮೂರೂ ಮನೆಯವರು ಅವರಲ್ಲಿಗೆ ಬಂದು ಮೆಣಸಿನಕಾಯಿ ತೊಟ್ಟು ಒಯ್ದಿದ್ದರು.

ಎಲ್ಲರೂ ಮೇಲೆ ಹೋಗಲು ಎದ್ದಾಗ ನದಾಫ್ ಮಾತ್ರ ಕೂತೇ ಇದ್ದರು. ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟು, ಅದರ ಮೇಲೆ ದಾಖಲೆ ಪುಸ್ತಕ ತೆರೆದರು. ತಾರೀಕು ಬರೆದರು, ಹೊತ್ತು ಬರೆದರು. ಲೋಹದ ಹೆಸರಿನ ಮುಂದೆ "ಮಾರ್ತಾಬಾಯಾರ ಗಡಿಗಿ, ಮೂರನೇ ಸಲ" ಎಂದು ಬರೆದರು. ಪೆನ್ನಿನ ತುದಿಯನ್ನು ಒಮ್ಮೆ ಒರೆಸಿ, ಕೊನೆಯ ಅಂಕಣದಲ್ಲಿ ಅಂಕಿ ಬರೆದು, ಪುಸ್ತಕವನ್ನು ರತ್ನಪ್ರಭಾಳ ಕೈಗೆ ಕೊಟ್ಟರು. ಶಾಯಿ ಇನ್ನೂ ಹಸಿಯಾಗಿತ್ತು.

೨೯.೭೬೮೯೨ ಡಿಗ್ರಿ ಸೆಲ್ಸಿಯಸ್.